ಅಲ್ಲೆಗ್ರಿಯ ‘ಮಿಸೆರೆರೆ’: ವಿಮರ್ಶಕರು ಗಾಯಕವೃಂದವನ್ನು ಕೇಳುವ ಬಗೆ

ವಿಯೆನ್ನಾದಿಂದ ಆಳುತ್ತಿದ್ದ ಚಕ್ರವರ್ತಿ ಒಂದನೆಯ ಲಿಯೋಪೋಲ್ಡ್ ದೊಡ್ಡ ಸಂಗೀತಪ್ರೇಮಿ. ಸ್ವತಃ ಕೃತಿಗಳನ್ನು ರಚಿಸಿದವನು. ರೋಮ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಪೋಪರ ಸಮ್ಮುಖದಲ್ಲಿ ವರ್ಷಕ್ಕೆ ಕೆಲವೇ ದಿನ ಹಾಡುವ ‘ಮಿಸೆರೆರೆ’ ಎಂಬ ಕೀರ್ತನೆಯ ಖ್ಯಾತಿ ಅವನ ಕಿವಿಗೂ ಬಿದ್ದಿತ್ತು. ರಾಯಭಾರಿಯ ಮೂಲಕ ಪೋಪರನ್ನು ಕೇಳಿ ಅದರ ಪ್ರತಿಯೊಂದನ್ನು ತರಿಸಿಕೊಂಡು, ಆಸ್ಥಾನದ ನುರಿತ ಗಾಯಕರಿಂದ ಹಾಡಿಸಿದ. ಕೇಳಿದವನಿಗೆ ನಿರಾಸೆಯಾಯಿತು. ಯಾವ ಚರ್ಚಿನಲ್ಲಾದರೂ ಕಿವಿಗೆ ಬೀಳಬಹುದಾದ ಸಾದಾ ಸ್ವರಗಳು ಅಲ್ಲಿದ್ದವು. ಪೋಪರ ಗಾಯಕವೃಂದದ ಮುಖ್ಯಸ್ಥ ಅಸಲಿ ಕೃತಿಯನ್ನು ಬಚ್ಚಿಟ್ಟುಕೊಂಡು ಬೇರೇನನ್ನೋ ಕಳುಹಿಸಿದ್ದಾನೆ ಎಂದು ಅವನು ರೋಮ್‌ಗೆ ದೂರು ಕೊಟ್ಟ. ವಿಚಾರಣೆಯೂ ಇಲ್ಲದೆ ಆ ಮುಖ್ಯಸ್ಥನನ್ನು ಕೆಲಸದಿಂದ ತೆಗೆದುಹಾಕಲಾಯಿತು. ಕೊನೆಗೆ ಕಾರ್ಡಿನಲ್ ಒಬ್ಬರು ಅವನ ಪರವಾಗಿ ಮಾತನಾಡಿ ಅಹವಾಲು ಹೇಳಿಕೊಳ್ಳಲು ಅವಕಾಶ ದೊರಕಿಸಿದರು. ಕಳುಹಿಸಿದ ಪ್ರತಿ ಸರಿಯಾಗಿಯೇ ಇದೆ, ಆದರೆ ನಮ್ಮವರು ಹಾಡುವ ರೀತಿಯನ್ನು ಸ್ವರಲಿಪಿಯಲ್ಲಿ ಬರೆಯಲು ಬರುವುದಿಲ್ಲ, ಅದು ಕೇಳಿ ಕಲಿತು ಬಂದದ್ದು ಎಂದು ಅವನು ವಿವರಿಸಿದ. ಅವೇ ಸ್ವರಗಳು ಎರಡು ಊರುಗಳಲ್ಲಿ ಎರಡು ಬಗೆಯಾಗಿ ಕೇಳಿಸುವುದು ಹೇಗೆ ಸಾಧ್ಯ ಎಂದು ಸಂಗೀತ ತಿಳಿಯದ ಪೋಪರಿಗೆ ಅರ್ಥವಾಗಲಿಲ್ಲ. ಕೊನೆಗೆ ಆ ಸಮಜಾಯಿಷಿಯನ್ನು ಬರೆದು ವಿಯೆನ್ನಾಕ್ಕೆ ಕಳುಹಿಸಲಾಯಿತು.

18ನೇ ಶತಮಾನದ ಇಂಗ್ಲಿಷ್ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಬರೆದಿಟ್ಟ ಪ್ರಸಂಗವಿದು. ಚರ್ಚಿನ ವೃಂದಗಾಯನದ ವಿಮರ್ಶೆ ಓದುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಒಂದು ಗಾಯಕವೃಂದ ‘ಚೆನ್ನಾಗಿ ಹಾಡಿತು’ ಎಂದು ಯಾರಾದರೂ ಬರೆದಾಗ ಅವರು ಮೆಚ್ಚಿದ್ದು ಕೃತಿಯನ್ನೇ, ಕಂಠಗಳನ್ನೇ, ಹಾಡಿದ ರೀತಿಯನ್ನೇ, ಆ ಕಟ್ಟಡದ ಗೋಡೆಗಳನ್ನೇ, ಅಥವಾ ಅಂದಿನ ಕತ್ತಲನ್ನೇ? ಇವನ್ನೆಲ್ಲ ಬಿಡಿಸಿ ನೋಡಲು ಅಲ್ಲೆಗ್ರಿಯ ‘ಮಿಸೆರೆರೆ’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಾಲ್ಕು ಶತಮಾನಗಳ ಹತ್ತಿರಹತ್ತಿರ ಜನ ಅದನ್ನು ಕೇಳಿದ್ದಾರೆ, ಕೇಳಿದ್ದನ್ನು ಬರೆದಿದ್ದಾರೆ. ಬರೆದವರಲ್ಲಿ ಮೊಜಾರ್ಟ್‌ನ ತಂದೆ ಇದ್ದಾರೆ, ಜರ್ಮನ್ ಕವಿ ಗಯಟೆ, ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್, ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಇದ್ದಾರೆ.

ಮೊದಲು ಕೃತಿಯ ಪರಿಚಯ. ಗ್ರೆಗೋರಿಯೊ ಅಲ್ಲೆಗ್ರಿ 1582ರಲ್ಲಿ ಹುಟ್ಟಿ 1652ರಲ್ಲಿ ತೀರಿಕೊಂಡ ಪಾದ್ರಿ. ಪೋಪರ ಗಾಯಕವೃಂದದಲ್ಲಿ ಹಾಡುತ್ತಿದ್ದವನು. 1630ರ ದಶಕದಲ್ಲಿ, ಎಂಟನೆಯ ಅರ್ಬನ್ ಪೋಪರಾಗಿದ್ದಾಗ, ಈ ಕೃತಿ ರಚಿಸಿದ. ಸಾಹಿತ್ಯ ಬೈಬಲ್ಲಿನ 51ನೇ ಕೀರ್ತನೆ. ಬತ್ಷೆಬೆಯ ವಿಷಯದಲ್ಲಿ ತಪ್ಪು ಮಾಡಿದ ಅರಸ ದಾವೀದ ಪಶ್ಚಾತ್ತಾಪದಿಂದ ಮೊರೆಯಿಟ್ಟದ್ದು ಎಂದು ಪರಂಪರೆ ಹೇಳುವ ಕೀರ್ತನೆ ಅದು. ಲ್ಯಾಟಿನ್‌ನಲ್ಲಿ ಅದರ ಮೊದಲ ಪದವೇ ‘ಮಿಸೆರೆರೆ’, ಅಂದರೆ ‘ಕರುಣೆಯಿಡು’. ಹಾಡುವವರು ಎರಡು ಗುಂಪು: ಒಂದು ಐದು ಧ್ವನಿಗಳದ್ದು, ಇನ್ನೊಂದು ನಾಲ್ಕು ಧ್ವನಿಗಳದ್ದು. ಒಂದು ಚರಣವನ್ನು ಮೊದಲ ಗುಂಪು ಹಾಡಿದರೆ, ಮುಂದಿನದನ್ನು ಗಂಡಸರು ಹಿಮ್ಮೇಳವಿಲ್ಲದೆ ಒಂದೇ ಎಳೆಯಲ್ಲಿ ಪಠಿಸುತ್ತಾರೆ. ಅದರ ಮುಂದಿನದನ್ನು ದೂರದಲ್ಲಿ ನಿಂತ ಎರಡನೆಯ ಗುಂಪು ಹಾಡುತ್ತದೆ. ಹೀಗೆಯೇ ಸುತ್ತುಹಾಕುತ್ತ ಹೋಗಿ ಕಟ್ಟಕಡೆಗೆ ಒಂಬತ್ತು ಧ್ವನಿಗಳೂ ಒಟ್ಟಾಗುತ್ತವೆ. ವಾದ್ಯ ಯಾವುದೂ ಇಲ್ಲ. ಸಿಸ್ಟೀನ್ ಚಾಪೆಲ್‌ನಲ್ಲಿ ಆರ್ಗನ್ ಇಡುವ ಪದ್ಧತಿಯೇ ಇರಲಿಲ್ಲ. ವಾದ್ಯವಿಲ್ಲದ ಗಾಯನಕ್ಕೆ ಇಂದು ಜಗತ್ತೆಲ್ಲ ಬಳಸುವ ‘ಅ ಕಪೆಲ್ಲಾ’ ಎಂಬ ಮಾತಿಗೆ ‘ಚಾಪೆಲ್ ಶೈಲಿಯಲ್ಲಿ’ ಎಂದೇ ಅರ್ಥ.

ಸಂಗೀತದ ಕಟ್ಟು ತೀರ ಸರಳ. ಸಾಲಿನ ಬಹುಪಾಲು ಪದಗಳನ್ನು ಒಂದೇ ಸ್ವರಗುಚ್ಛದ, ಅಂದರೆ ಒಟ್ಟಿಗೆ ಮೊಳಗುವ ಕೆಲವು ಸ್ವರಗಳ, ಮೇಲೆ ಮಾತಿನ ಲಯದಲ್ಲಿ ಹೇಳಿ, ಸಾಲಿನ ಕೊನೆಗೆ ಬಂದಾಗ ಮಾತ್ರ ಸ್ವರಗಳನ್ನು ಹೆಣೆದು ಮುಕ್ತಾಯ ಮಾಡುತ್ತಾರೆ. ಮಂತ್ರಪಠಣ ಕೇಳಿದವರಿಗೆ ಈ ಬಗೆ ಹೊಸದಲ್ಲ. ಅದೇ ಸಂಗೀತ ಬೇರೆ ಬೇರೆ ಪದಗಳೊಂದಿಗೆ ಮತ್ತೆ ಮತ್ತೆ ಬರುತ್ತದೆ. ಚಕ್ರವರ್ತಿಗೆ ‘ಇದರಲ್ಲೇನಿದೆ’ ಅನ್ನಿಸಿದ್ದು ಸಹಜವೇ. ಕರ್ನಾಟಕ ಸಂಗೀತ ಬಲ್ಲವರು ಇದನ್ನು ತಟ್ಟನೆ ಹಿಡಿಯುತ್ತಾರೆ. ಪುಸ್ತಕದಲ್ಲಿ ಅಚ್ಚಾದ ಸ್ವರಗಳನ್ನು ಗಮಕವಿಲ್ಲದೆ, ಅಂದರೆ ತೂಗಾಟವಿಲ್ಲದೆ, ಹಾಡಿದರೆ ತೋಡಿ ರಾಗ ತೋಡಿಯಾಗುವುದಿಲ್ಲ. ಅದರ ಗಾಂಧಾರವನ್ನು, ಅಂದರೆ ‘ಗ’ ಸ್ವರವನ್ನು, ಹೇಗೆ ತೂಗಬೇಕು ಎಂಬುದು ಗುರುಮುಖದಿಂದ ಬರಬೇಕು. ಸಿಸ್ಟೀನ್ ಗಾಯಕರಿಗೂ ಅಂಥದೇ ಒಂದು ಪಾಠ ಪರಂಪರೆಯಿಂದ ಬಂದಿತ್ತು. ಸರಳವಾದ ಮುಕ್ತಾಯದ ಸ್ವರಗಳ ಮೇಲೆ ಅವರು ಅಲಂಕಾರಗಳನ್ನು ಏರಿಸುತ್ತಿದ್ದರು. ದನಿಯನ್ನು ಉಬ್ಬಿಸಿ ತಗ್ಗಿಸುತ್ತಿದ್ದರು. ಕೆಲವು ಪದಗಳ ಬಳಿ ತಡೆದು ನಿಲ್ಲುತ್ತಿದ್ದರು, ಕೆಲವು ಚರಣಗಳನ್ನು ಚುರುಕಾಗಿ ಸಾಗಿಸುತ್ತಿದ್ದರು.

ಇನ್ನು ಆ ಸಂಜೆಯನ್ನು ಕಲ್ಪಿಸಿಕೊಳ್ಳಿ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ. ‘ಟೆನೆಬ್ರೆ’ ಎಂಬ ಆರಾಧನೆ ನಡೆಯುತ್ತಿದೆ. ಆ ಪದದ ಅರ್ಥವೇ ಕತ್ತಲು. ತ್ರಿಕೋನಾಕಾರದ ದೀಪಸ್ತಂಭದಲ್ಲಿ ಹದಿನೈದು ಮೇಣದ ಬತ್ತಿಗಳು. ಒಂದೊಂದು ಕೀರ್ತನೆ ಮುಗಿದಂತೆ ಒಂದೊಂದು ಬತ್ತಿಯನ್ನು ನಂದಿಸುತ್ತ ಬರುತ್ತಾರೆ. ಗಂಟೆಗಟ್ಟಲೆ ಒಂದೇ ಧಾಟಿಯ ಪಠಣ. ಹೊರಗೆ ಹೊತ್ತು ಮುಳುಗುತ್ತಿದೆ. ಬಲಿಪೀಠದ ಗೋಡೆಯ ತುಂಬ ಮೈಕೆಲೆಂಜೆಲೊ ಬರೆದ ‘ಅಂತಿಮ ತೀರ್ಪು’ ಚಿತ್ರದ ದೇಹಗಳು ಮೆಲ್ಲಗೆ ಮಸುಕಾಗುತ್ತಿವೆ. ಕೊನೆಯ ಬತ್ತಿಯನ್ನು ಬಲಿಪೀಠದ ಹಿಂದೆ ಮರೆ ಮಾಡುತ್ತಾರೆ. ಪೋಪರು ಮಂಡಿಯೂರುತ್ತಾರೆ, ಎಲ್ಲರೂ ಮಂಡಿಯೂರುತ್ತಾರೆ. ಸಂಪೂರ್ಣ ಮೌನ. ಆ ಮೌನದೊಳಗಿಂದ, ಕಣ್ಣಿಗೆ ಕಾಣದ ಗಾಯಕರು ಅತಿ ಮೆಲುದನಿಯಲ್ಲಿ ಮೊದಲ ಸ್ವರಗುಚ್ಛವನ್ನು ಎತ್ತುತ್ತಾರೆ.

ಇದನ್ನು ಕೇಳಿ ಬಂದವರ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಮರ್ಶೆ ಎಂಬುದು ಹೇಗೆ ಬೆಳೆಯಿತೆಂದು ತಿಳಿಯುತ್ತದೆ. 1770ರ ಏಪ್ರಿಲ್‌ನಲ್ಲಿ ಲಿಯೋಪೋಲ್ಡ್ ಮೊಜಾರ್ಟ್ ತನ್ನ ಹದಿನಾಲ್ಕರ ಮಗನೊಂದಿಗೆ ರೋಮ್‌ಗೆ ಬಂದ. ಹುಡುಗ ಒಮ್ಮೆ ಕೇಳಿ ಬಂದು ಇಡೀ ಕೃತಿಯನ್ನು ನೆನಪಿನಿಂದ ಬರೆದ ಕಥೆ ಲೋಕಪ್ರಸಿದ್ಧ. ಈ ಕೃತಿಯನ್ನು ನಕಲು ಮಾಡಿದವರಿಗೆ ಧರ್ಮಸಭೆಯಿಂದ ಬಹಿಷ್ಕಾರ ಎಂಬ ಮಾತೂ ಆಗ ಹರಡಿತ್ತು. ತಂದೆ ಹೆಂಡತಿಗೆ ಬರೆದ ಪತ್ರದಲ್ಲಿ ಎರಡೂ ಸಂಗತಿಗಳಿವೆ. ಹುಡುಗನ ಸಾಧನೆ ದೊಡ್ಡದೇ. ಆದರೆ ಅದೇ ಸಂಗೀತ ಹಲವು ಸಲ ಮರುಕಳಿಸುತ್ತದೆ ಎಂಬುದನ್ನು ನೆನಪಿಟ್ಟರೆ ಅದು ಪವಾಡವಾಗಿ ಉಳಿಯದೆ, ಅಸಾಧಾರಣ ಕಿವಿಯುಳ್ಳ ಮಗುವೊಂದು ಮಾಡಬಹುದಾದ ಕೆಲಸವಾಗಿ ಕಾಣುತ್ತದೆ. ಆ ಪತ್ರದಲ್ಲಿ ಎಲ್ಲರೂ ದಾಟಿ ಹೋಗುವ ಇನ್ನೊಂದು ಮಾತಿದೆ, ನನ್ನ ಪಾಲಿಗೆ ಅದೇ ಮುಖ್ಯ: ಪರಿಣಾಮಕ್ಕೆ ಕಾರಣ ಕೃತಿಗಿಂತ ಹೆಚ್ಚಾಗಿ ಅದನ್ನು ಹಾಡುವ ರೀತಿ ಎಂದು ತಂದೆ ಬರೆದಿದ್ದಾನೆ. ಅವನು ವೃತ್ತಿಯಿಂದ ಸಂಗೀತಗಾರ, ಪಿಟೀಲು ಕಲಿಕೆಯ ಮೇಲೆ ಪುಸ್ತಕ ಬರೆದವನು. ಬೆರಗಿನ ನಡುವೆಯೂ ಅವನ ಕಿವಿ ಕೃತಿಯನ್ನೂ ಪ್ರಸ್ತುತಿಯನ್ನೂ ಬೇರ್ಪಡಿಸಿ ತೂಗುತ್ತಿತ್ತು.

ಮರುವರ್ಷ, 1771ರಲ್ಲಿ, ಬರ್ನಿ ಲಂಡನ್‌ನಲ್ಲಿ ಸ್ವರಲಿಪಿಯನ್ನು ಅಚ್ಚು ಹಾಕಿಸಿದ. ಬಹಿಷ್ಕಾರದ ಗುಲ್ಲಿಗೆ ಅಲ್ಲಿಗೆ ಅರ್ಥವಿಲ್ಲದಂತಾಯಿತು. ಆದರೆ ಅವನು ಅಚ್ಚು ಹಾಕಿದ್ದು ವಿಯೆನ್ನಾದ ಚಕ್ರವರ್ತಿ ಕಂಡಂಥ ಬರೀ ಎಲುಬಿನ ಹಂದರವನ್ನು. ಅಲಂಕಾರಗಳು ಅದರಲ್ಲಿ ಇರಲಿಲ್ಲ. ಕೇಳಬೇಕೆಂದರೆ ಈಗಲೂ ರೋಮ್‌ಗೇ ಹೋಗಬೇಕಿತ್ತು. ಜನ ಹೋದರು. 1788ರಲ್ಲಿ ಗಯಟೆ ಕೇಳಿ, ಊಹೆಗೂ ಮೀರಿದ ಸೌಂದರ್ಯ ಎಂದು ಕೊಂಡಾಡಿದ. ಎಲ್ಲರೂ ಮೆಚ್ಚಿದರೆಂದಲ್ಲ. 1830ರ ದಶಕದ ಆರಂಭದಲ್ಲಿ ರೋಮ್‌ನಲ್ಲಿದ್ದ ಫ್ರೆಂಚ್ ರಚನಕಾರ ಬರ್ಲಿಯೋಜ್, ಅದೇ ಚಾಪೆಲ್‌ನ ಇನ್ನೊಬ್ಬ ಆರಾಧ್ಯ ರಚನಕಾರ ಪಲೆಸ್ತ್ರೀನಾನ ಸಂಗೀತದ ಬಗ್ಗೆ, ಇಲ್ಲಿ ರಾಗವಾಗಲಿ ಲಯವಾಗಲಿ ಇಲ್ಲ, ಅಭಿರುಚಿ ಇದ್ದೀತು, ಪ್ರತಿಭೆ ಎಂದರೆ ಒಪ್ಪಲಾರೆ ಎಂಬರ್ಥದ ಕಟುವಾದ ತೀರ್ಪು ಕೊಟ್ಟ. ನೂರಾರು ವಾದ್ಯಗಳ ಗರ್ಜನೆಯನ್ನು ಕನಸುತ್ತಿದ್ದ ಅವನ ಕಿವಿ ಬೇರೆಯದೇ ಆಗಿತ್ತು.

ಡಿಕನ್ಸ್ ಇಟಲಿ ಪ್ರವಾಸದ ಬಗ್ಗೆ 1846ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಸಂಜೆಯ ಬೇರೊಂದು ಮುಖವಿದೆ. ಚಾಪೆಲ್‌ನ ಬಾಗಿಲಲ್ಲಿ ಭಾರವಾದ ಪರದೆ. ಒಳಗೆ ಜಾಗವಿಲ್ಲದೆ ಜನ ಬಾಗಿಲಲ್ಲೇ ಒತ್ತರಿಸಿ ನಿಂತಿದ್ದಾರೆ. ಪರದೆ ಇಳಿಬಿದ್ದರೆ ದನಿ ಕೇಳಿಸುವುದಿಲ್ಲವೆಂದು ಹತ್ತಿರದ ಇಪ್ಪತ್ತು ಮಂದಿ ಅದನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದಾರೆ. ಅದು ಹಾವಿನಂತೆ ಸುತ್ತಿಕೊಂಡು ಒಬ್ಬ ಹೆಂಗಸನ್ನು ಪೂರ್ತಿ ಸುರುಳಿಯೊಳಗೆ ಹಾಕಿಬಿಡುತ್ತದೆ. ಕೀರ್ತಿ ಕೇಳಿ ಬಂದ ಜನಸಂದಣಿಯ ನಡುವೆ ಪಶ್ಚಾತ್ತಾಪದ ಕೀರ್ತನೆಯೇ ಕಿವಿಗೆ ಬೀಳದಂತಾದ ಸ್ಥಿತಿ. ಹಾಡು ಹೇಗಿತ್ತು ಎಂದು ಬರೆಯುವವನು ಎಲ್ಲಿ ಕುಳಿತಿದ್ದ, ಏನು ಕೇಳಿಸಿತು ಎಂಬುದು ವಿಮರ್ಶೆಯ ಮೊದಲ ಪ್ರಶ್ನೆ ಎಂದು ಈ ಪರದೆ ನೆನಪಿಸುತ್ತದೆ.

ಮೆಂಡೆಲ್ಸನ್ ಮಾತ್ರ ಕೈಯಲ್ಲಿ ಪೆನ್ಸಿಲ್ ಹಿಡಿದು ಕೇಳಿದವನು ಎನ್ನಬೇಕು. 1831ರ ಪವಿತ್ರ ವಾರದಲ್ಲಿ ಇಪ್ಪತ್ತೆರಡರ ಯುವಕನಾಗಿ ರೋಮ್‌ನಲ್ಲಿದ್ದ ಅವನು, ಬರ್ಲಿನ್‌ನಲ್ಲಿದ್ದ ಗುರು ಜೆಲ್ಟರ್‌ಗೆ ಸುದೀರ್ಘ ಪತ್ರ ಬರೆದ. ಯಾವ ಕೀರ್ತನೆ ಯಾವಾಗ ಬಂತು, ಬತ್ತಿಗಳು ಹೇಗೆ ನಂದಿದವು, ಗಾಯಕರು ಎಲ್ಲಿ ಯಾವ ಅಲಂಕಾರ ಹಾಕಿದರು ಎಂಬುದನ್ನೆಲ್ಲ ಸ್ವರ ಸಮೇತ ದಾಖಲಿಸಿದ. ಆ ದೀರ್ಘ ಏಕತಾನದ ಪಠಣ ಅವನಿಗೆ ಬೇಸರ ತಂದಿತ್ತು. ಆದರೆ ಅದರ ನಂತರದ ಮೌನದಲ್ಲಿ ಎದ್ದ ಆ ಮೊದಲ ಸ್ವರಗುಚ್ಛ ಅವನನ್ನು ಅಲ್ಲಾಡಿಸಿತು. ಅತ್ಯುತ್ತಮ ಕಂಠಗಳನ್ನು ಇದಕ್ಕೆಂದೇ ಕಾದಿರಿಸಿರುತ್ತಾರೆ ಎಂಬುದನ್ನೂ ಗಮನಿಸಿದ. ಕತ್ತಲು, ಕಾಯುವಿಕೆ, ಮೆಲುದನಿ ಇವುಗಳ ಪಾತ್ರವೆಷ್ಟು, ಸಂಗೀತದ ಪಾತ್ರವೆಷ್ಟು ಎಂದು ಪ್ರಾಮಾಣಿಕವಾಗಿ ವಿಂಗಡಿಸಿದ ಆ ಪತ್ರವನ್ನು ನಾನು ಗಾಯಕವೃಂದದ ವಿಮರ್ಶೆಗೆ ಮಾದರಿ ಎಂದೇ ತಿಳಿಯುತ್ತೇನೆ.

ಆದರೆ ಆ ದಾಖಲೆಯಿಂದಲೇ ಒಂದು ವಿಚಿತ್ರ ನಡೆಯಿತು. ಸ್ವರಲಿಪಿಯಲ್ಲಿ ಬರೆದ ಶ್ರುತಿಗೇ ಗಾಯಕರು ಅಂಟಿಕೊಳ್ಳಬೇಕೆಂದಿರಲಿಲ್ಲ. ಅನುಕೂಲದ ಶ್ರುತಿ ಹಿಡಿಯುತ್ತಿದ್ದರು. ಮೆಂಡೆಲ್ಸನ್ ಕೇಳಿದ ದಿನ ಅವರು ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದರು, ಅವನು ಕೇಳಿದಂತೆಯೇ ಬರೆದುಕೊಂಡ. 1880ರಲ್ಲಿ ಗ್ರೋವ್ ಸಂಗೀತ ನಿಘಂಟಿಗೆ ‘ಮಿಸೆರೆರೆ’ ಕುರಿತು ಲೇಖನ ಬರೆದ ರಾಕ್‌ಸ್ಟ್ರೊ, ಅಲಂಕಾರಕ್ಕೆ ಉದಾಹರಣೆಯಾಗಿ ಆ ತುಣುಕನ್ನು ಕೊಟ್ಟ. ಮುಂದೆ ಆ ತುಣುಕನ್ನು ಕೃತಿಯ ಭಾಗವೆಂದೇ ತಿಳಿದು ಎರಡನೆಯ ಗುಂಪಿನ ಚರಣದ ಉತ್ತರಾರ್ಧಕ್ಕೆ ಹೊಲಿದುಬಿಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪಲ್ಲವಿಯ ಅರ್ಧ ಹಾಡಿ, ಉಳಿದರ್ಧಕ್ಕೆ ಎಚ್ಚರಿಕೆಯಿಲ್ಲದೆ ಮಧ್ಯಮ ಶ್ರುತಿಗೆ ಹಾರಿದಂತೆ. ಅದರ ಫಲವಾಗಿಯೇ ಆ ಪ್ರಸಿದ್ಧ ತಾರಸ್ವರ ಹುಟ್ಟಿತು: ಪಿಯಾನೊದ ನಡುವಿನ ‘ಸಿ’ಗಿಂತ ಎರಡು ಸ್ಥಾಯಿ ಮೇಲಿನ ‘ಸಿ’, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಂಪನಗಳ ಸ್ವರ. ಪೂರ್ಣ ಪಾಠದಲ್ಲಿ ಅದು ಐದು ಸಲ ಬರುತ್ತದೆ. ಇಂದು ‘ಮಿಸೆರೆರೆ’ ಎಂದರೆ ಜನರಿಗೆ ನೆನಪಾಗುವುದೇ ಆ ಸ್ವರ. ಅಲ್ಲೆಗ್ರಿ ಅದನ್ನು ಬರೆದಿರಲಿಲ್ಲ, ಹದಿನಾಲ್ಕರ ಮೊಜಾರ್ಟ್ ಅದನ್ನು ಕೇಳಿರಲಿಲ್ಲ.

ವೂಸ್ಟರ್ ಕೆಥೆಡ್ರಲ್‌ನ ಆರ್ಗನ್ ವಾದಕನಾಗಿದ್ದ ಐವರ್ ಆಟ್ಕಿನ್ಸ್ 1951ರಲ್ಲಿ ಬರ್ನಿಯ ಹಂದರವನ್ನೂ ರಾಕ್‌ಸ್ಟ್ರೊನ ತುಣುಕನ್ನೂ ಸೇರಿಸಿ ಇಂಗ್ಲಿಷ್ ಪದಗಳೊಂದಿಗೆ ಹೊರತಂದ ಪಾಠವನ್ನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಗಾಯಕವೃಂದ 1963ರಲ್ಲಿ ಧ್ವನಿಮುದ್ರಿಸಿತು. ನಿರ್ದೇಶಕ ಡೇವಿಡ್ ವಿಲ್ಕಾಕ್ಸ್. ತಾರಸ್ವರ ಹಾಡಿದ ಬಾಲಕ ರಾಯ್ ಗುಡ್‌ಮನ್, ಮುಂದೆ ಪಿಟೀಲು ವಾದಕನಾಗಿ, ನಿರ್ದೇಶಕನಾಗಿ ಹೆಸರು ಮಾಡಿದವನು. ಆಮೇಲೆ ದಶಕಗಳ ಕಾಲ ಬೇರೆ ಯಾರು ಹಾಡಿದರೂ ವಿಮರ್ಶಕರು ಆ ಧ್ವನಿಮುದ್ರಿಕೆಯನ್ನೇ ಅಳತೆಗೋಲಾಗಿ ಹಿಡಿದರು. ಚರಿತ್ರೆಯ ದೃಷ್ಟಿಯಿಂದ ತಪ್ಪಾದ ಪಾಠ ಹೀಗೆ ಮೆಚ್ಚುಗೆಯ ದೃಷ್ಟಿಯಿಂದ ಅಧಿಕೃತ ಪಾಠವಾಯಿತು. ಇದನ್ನು ಮೋಸವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಹುಡುಗನ ದನಿ ಮೇಲೇರುವಾಗ ಬಲವಂತದ ಒಂದು ಗೆರೆಯೂ ಕೇಳಿಸುವುದಿಲ್ಲ. ಏರಿದ ಮೇಲೆ ಕ್ಷಣಕಾಲ ನಿಂತು, ಮೆಟ್ಟಿಲಿಳಿದಂತೆ ಕೆಳಗೆ ಬರುತ್ತದೆ. ಆ ಇಳಿತವನ್ನು ಕೇಳಿದ ಮೇಲೆ ‘ಇದು ಅಲ್ಲೆಗ್ರಿಯದಲ್ಲ’ ಎಂಬ ವಾದ ನನ್ನ ಕಿವಿಗೆ ಹೊರಗಿನದಾಗಿಬಿಡುತ್ತದೆ.

ಈಗ ವಿಮರ್ಶಕರು ಬಳಸುವ ಮಾತುಗಳಿಗೆ ಬರೋಣ. ಗಾಯಕವೃಂದದ ಬಗ್ಗೆ ಓದುವಾಗ ಎಲ್ಲಕ್ಕಿಂತ ಹೆಚ್ಚು ಎದುರಾಗುವುದು ಶ್ರುತಿಯ ಪ್ರಶ್ನೆ. ವಾದ್ಯವಿಲ್ಲದೆ ಹಾಡುವ ಗುಂಪು ಹಾಡುತ್ತ ಹಾಡುತ್ತ ಕೆಳಗೆ ಜಾರುವುದು ಬಹಳ ಸಾಮಾನ್ಯ. ಇದು ಬರೀ ಅಜಾಗರೂಕತೆಯಿಂದ ಆಗುವುದಲ್ಲ ಎಂಬುದು ಕುತೂಹಲದ ಸಂಗತಿ. ತಂಬೂರಿಯನ್ನು ಚೆನ್ನಾಗಿ ಕೂಡಿಸಿ ಮೀಟಿದರೆ ಯಾರೂ ನುಡಿಸದ ಅಂತರ ಗಾಂಧಾರವೊಂದು ತಾನಾಗಿ ಕೇಳಿಸುತ್ತದಲ್ಲ, ಅದು ಆಧಾರ ಸ್ವರವಾದ ಷಡ್ಜಕ್ಕೆ 5:4ರ ಅನುಪಾತದಲ್ಲಿರುವ ಗಾಂಧಾರ. ಪಿಯಾನೊದ ಗಾಂಧಾರ ಅದಕ್ಕಿಂತ ಕೊಂಚ ಎತ್ತರದಲ್ಲಿದೆ. ಒಳ್ಳೆಯ ಗಾಯಕವೃಂದ ಸ್ವಾಭಾವಿಕವಾಗಿ ತಂಬೂರಿಯ ಗಾಂಧಾರದ ಕಡೆಗೇ ವಾಲುತ್ತದೆ, ಏಕೆಂದರೆ ಆಗ ಧ್ವನಿಗಳು ಒಂದರೊಳಗೊಂದು ಕರಗಿ ಮೊಳಗುತ್ತವೆ. ತೊಡಕು ಬರುವುದು ಮುಂದೆ. ಪ್ರತಿ ಸ್ವರಗುಚ್ಛವನ್ನೂ ಹಿಂದಿನದಕ್ಕೆ ಹೊಂದಿಸಿ ಹೀಗೆ ಶುದ್ಧವಾಗಿ ಕೂಡಿಸುತ್ತ ಹೋದರೆ, ಕೆಲವು ಸಾಮಾನ್ಯ ನಡೆಗಳ ಸುತ್ತು ಮುಗಿಸಿ ಮನೆಗೆ ಬರುವಷ್ಟರಲ್ಲಿ ಷಡ್ಜವೇ 81:80ರ ಅನುಪಾತದಷ್ಟು ಕೆಳಗಿಳಿದಿರುತ್ತದೆ. ಅರ್ಧಸ್ವರದ ಸುಮಾರು ಐದನೆಯ ಒಂದು ಪಾಲು ಅದು. ಇಟಲಿಯ ಗಣಿತಜ್ಞ ಬೆನೆದೆತ್ತಿ 16ನೇ ಶತಮಾನದಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದ. ನಮ್ಮ ಗಾಯಕರಿಗೆ ತಂಬೂರಿ ಹಿಂದೆ ಕುಳಿತು ಕ್ಷಣಕ್ಷಣವೂ ಷಡ್ಜವನ್ನು ನೆನಪಿಸುತ್ತದೆ. ಅ ಕಪೆಲ್ಲಾ ಗಾಯಕರಿಗೆ ಅಂಥ ಆಸರೆ ಇಲ್ಲ. ಅವರು ಪ್ರತಿ ಸ್ವರಗುಚ್ಛವನ್ನು ಶುದ್ಧವಾಗಿಡಬೇಕು, ಒಟ್ಟು ಶ್ರುತಿಯನ್ನೂ ಕಾಪಾಡಬೇಕು. ಎರಡರ ನಡುವೆ ಕೂದಲೆಳೆಯಷ್ಟು ರಾಜಿಯನ್ನು ಸದಾ ಮಾಡುತ್ತಿರಬೇಕು. ‘ಶ್ರುತಿ ನಿಖರವಾಗಿತ್ತು’ ಎಂದು ವಿಮರ್ಶಕರೊಬ್ಬರು ಒಂದು ಸಾಲಿನಲ್ಲಿ ಬರೆದುಬಿಡುತ್ತಾರೆ. ಅದರ ಹಿಂದೆ ಇರುವ ಶ್ರಮ ಇದು.

‘ಮಿಸೆರೆರೆ’ಯಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಮೊದಲ ಗುಂಪು, ಪಠಣದವರು, ದೂರದ ಎರಡನೆಯ ಗುಂಪು, ಮೂವರೂ ಒಬ್ಬರು ಬಿಟ್ಟ ಶ್ರುತಿಯನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಕಿಂಗ್ಸ್ ಕಾಲೇಜಿನ ಚಾಪೆಲ್ ಸುಮಾರು 88 ಮೀಟರ್ ಉದ್ದ. ಅದರ ಒಂದು ತುದಿಯ ದನಿ ಇನ್ನೊಂದು ತುದಿ ಮುಟ್ಟಲು ಕಾಲು ಸೆಕೆಂಡ್ ಬೇಕು. ಹಾಡಿ ನಿಲ್ಲಿಸಿದ ಮೇಲೂ ಕಲ್ಲಿನ ಚಾವಣಿಯಲ್ಲಿ ಆ ದನಿ ಹಲವು ಸೆಕೆಂಡ್ ಸುಳಿದಾಡುತ್ತಿರುತ್ತದೆ. ಇಂಥ ಕಟ್ಟಡದಲ್ಲಿ ಅವಸರದಿಂದ ಹಾಡಿದರೆ ಒಂದು ಸ್ವರ ಮುಂದಿನದರ ಮೇಲೆ ಬಿದ್ದು ಕಲಸುಮೇಲೋಗರವಾಗುತ್ತದೆ. ತೀರ ನಿಧಾನಿಸಿದರೆ ಸಾಹಿತ್ಯದ ಅರ್ಥ ಕಡಿದುಹೋಗುತ್ತದೆ. ಕಟ್ಟಡವೂ ಗಾಯಕವೃಂದದ ಒಬ್ಬ ಸದಸ್ಯ ಎಂದು ಬಲ್ಲವರು ಹೇಳುವುದು ಅಲಂಕಾರದ ಮಾತಲ್ಲ. ಅದೇ ಗುಂಪು ರತ್ನಗಂಬಳಿ ಹಾಸಿದ ಸಭಾಂಗಣದಲ್ಲಿ ಹಾಡಿದರೆ ಸಪ್ಪೆ ಎನ್ನಿಸಬಹುದು, ಆ ಸಪ್ಪೆತನದ ಹೊಣೆ ಅವರದಾಗಿರಲಾರದು.

ಇನ್ನೊಂದು ಮಾತು ‘ಮಿಳಿತ’ದ ಬಗ್ಗೆ. ಹತ್ತು ಜನ ಹಾಡಿದರೂ ಒಂದು ಕಂಠದಂತೆ ಕೇಳಬೇಕು ಎಂಬುದು ಇಂಗ್ಲೆಂಡಿನ ಚಾಪೆಲ್ ಪರಂಪರೆಯ ಆದರ್ಶ. ಅದಕ್ಕೆ ಎಲ್ಲರೂ ಸ್ವರಾಕ್ಷರಗಳನ್ನು ಒಂದೇ ಆಕಾರದ ಬಾಯಿಂದ ಉಚ್ಚರಿಸಬೇಕು, ದನಿಯ ಕಂಪನವನ್ನು ಹದ್ದುಬಸ್ತಿನಲ್ಲಿಡಬೇಕು. 1973ರಲ್ಲಿ ಪೀಟರ್ ಫಿಲಿಪ್ಸ್ ಕಟ್ಟಿದ ‘ಟ್ಯಾಲಿಸ್ ಸ್ಕಾಲರ್ಸ್’ ಗಾಯಕವೃಂದ ಈ ಆದರ್ಶವನ್ನು ಚರ್ಚಿನಿಂದ ಸಂಗೀತ ಸಭಾಂಗಣಕ್ಕೆ ತಂದಿತು. ಬಾಲಕರ ಬದಲು ಹೆಂಗಸರು. ಒಂದು ಭಾಗಕ್ಕೆ ಸಾಮಾನ್ಯವಾಗಿ ಇಬ್ಬರೇ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಚಾಪೆಲ್‌ನಲ್ಲಿ 1980ರಲ್ಲಿ ಅವರು ಧ್ವನಿಮುದ್ರಿಸಿದ ‘ಮಿಸೆರೆರೆ’ಯಲ್ಲಿ ಅಲಿಸನ್ ಸ್ಟಾಂಪ್ ಹಾಡಿದ ತಾರಸ್ವರ ಕಿಂಗ್ಸ್‌ನ ಬಾಲಕನಿಗೆ ಸಾಟಿಯಾಗಿ ನಿಂತಿತು. ಅವರ ಇನ್ನೊಂದು ಧ್ವನಿಮುದ್ರಿಕೆ, ಹಳೆಯ ಕಾಲದ ರಚನಕಾರ ಜೋಸ್ಕಿನ್‌ನ ಎರಡು ಮಾಸ್‌ಗಳದ್ದು (ಚರ್ಚಿನ ಪೂಜಾವಿಧಿಯ ಸಂಗೀತ), 1987ರಲ್ಲಿ ‘ಗ್ರಾಮಫೋನ್’ ಪತ್ರಿಕೆಯ ವರ್ಷದ ಶ್ರೇಷ್ಠ ಧ್ವನಿಮುದ್ರಿಕೆ ಪ್ರಶಸ್ತಿ ಪಡೆಯಿತು. ಹಳೆಯ ಕಾಲದ ಸಂಗೀತಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಈ ಗುಂಪಿನ ಬಗೆಗಿನ ಮೆಚ್ಚುಗೆಯೂ ಆಕ್ಷೇಪವೂ ಒಂದೇ ಬೇರಿನಿಂದ ಹೊರಟಿವೆ. ಪ್ರತಿ ಎಳೆಯೂ ಗಾಜಿನೊಳಗೆ ಕಂಡಂತೆ ಸ್ಪಷ್ಟ, ಶ್ರುತಿ ಅಚ್ಚುಕಟ್ಟು ಎಂದು ಕೆಲವರು ಹೊಗಳಿದರೆ, ಅದೇ ಕಾರಣಕ್ಕೆ ಇದು ತಣ್ಣಗಿದೆ, ಶೋಕಕ್ಕೂ ಹರ್ಷಕ್ಕೂ ಒಂದೇ ಬಣ್ಣ, ದಕ್ಷಿಣ ಯುರೋಪಿನ ಬಿಸಿಲನ್ನು ಕಂಡ ಸಂಗೀತ ಇಂಗ್ಲೆಂಡಿನ ಮಂಜಿನಲ್ಲಿ ಮಿಂದು ಬಂದಿದೆ ಎಂದು ಬೇರೆಯವರು ತಕರಾರು ತೆಗೆದರು. ಇಂಗ್ಲೆಂಡಿನೊಳಗೇ ಇದಕ್ಕೆ ಪ್ರತಿಪಕ್ಷವಿತ್ತು. ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜಿಗೆ ಕೂಗಳತೆಯಲ್ಲಿರುವ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಜಾರ್ಜ್ ಗೆಸ್ಟ್ ತನ್ನ ಬಾಲಕರಿಂದ ಹೆಚ್ಚು ತೆರೆದ, ಕಾವುಳ್ಳ ದನಿಯನ್ನು ಹಾಡಿಸುತ್ತಿದ್ದ. ವಿಮರ್ಶಕರು ಇವೆರಡನ್ನೂ ಜೋಡಿಯಾಗಿ ಹೋಲಿಸುತ್ತ ಬಂದರು. ಯಾವುದು ಸರಿ ಎಂದು ಕೇಳುವುದಕ್ಕಿಂತ, ಬರೆದವರು ಯಾವ ದನಿ ಕೇಳಿ ಬೆಳೆದವರು ಎಂದು ಕೇಳಿಕೊಂಡು ಓದಿದರೆ ಅವರ ವಿಮರ್ಶೆ ಹೆಚ್ಚು ಅರ್ಥವಾಗುತ್ತದೆ.

ಉನ್ನತ ಧ್ವನಿಗಳನ್ನು ಯಾರು ಹಾಡಬೇಕು ಎಂಬುದೂ ಇಂಥದೇ ಜಗಳ. ಅಲ್ಲೆಗ್ರಿಯ ಕಾಲದಲ್ಲಿ ಸಿಸ್ಟೀನ್‌ನಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಬಾಲ್ಯದಲ್ಲೇ ಬೀಜಹರಣಕ್ಕೆ ಒಳಗಾದ ಗಂಡಸರು, ‘ಕಸ್ತ್ರಾತಿ’ಗಳು, ಆ ಭಾಗವನ್ನು ಹಾಡುತ್ತಿದ್ದರು. ಜನ ಮುಗಿಬಿದ್ದು ಕೇಳಿದ ಆ ಮಾಧುರ್ಯದ ಹಿಂದೆ ಎಷ್ಟೋ ಹುಡುಗರ ದೇಹಕ್ಕಾದ ಗಾಯವಿದೆ ಎಂಬುದನ್ನು ಮರೆಯಲಾಗದು. ಅಂಥ ಗಾಯಕರಲ್ಲಿ ಕೊನೆಯವರಾದ ಅಲೆಸ್ಸಾಂದ್ರೊ ಮೊರೆಸ್ಕಿಯವರ ದನಿ 1902 ಮತ್ತು 1904ರ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಆ ಗೀಚುಗೀಚು ಸದ್ದಿನ ನಡುವೆ ಕೇಳುವ ದನಿ ಕಿಂಗ್ಸ್‌ನ ಬಾಲಕನದೂ ಅಲ್ಲ, ಟ್ಯಾಲಿಸ್ ಸ್ಕಾಲರ್ಸ್‌ನ ಹೆಂಗಸರದೂ ಅಲ್ಲ. ಭಾವೋದ್ವೇಗದಿಂದ ತುಂಬಿದ, ಸ್ವರದಿಂದ ಸ್ವರಕ್ಕೆ ಬಿಕ್ಕಿದಂತೆ ಜಾರುವ ದನಿ ಅದು. ‘ಮೂಲದಂತೆ ಹಾಡಿದರು’ ಎಂಬ ಹೊಗಳಿಕೆಯನ್ನು ಯಾರಿಗೂ ಪೂರ್ತಿಯಾಗಿ ಕೊಡಲಾಗದು. ಮೂಲದ ಕಂಠವೇ ಇಂದು ಇಲ್ಲ, ಅದು ಮತ್ತೆ ಬರುವುದೂ ಬೇಡ.

ಇದೆಲ್ಲದರ ಕೆಳಗೆ ಇನ್ನೂ ಹಳೆಯ ಪ್ರಶ್ನೆಯೊಂದಿದೆ: ಪ್ರಾರ್ಥನೆಯನ್ನು ವಿಮರ್ಶಿಸಬಹುದೇ? ಚರ್ಚಿನ ಸಂಜೆಯ ಆರಾಧನೆಯಲ್ಲಿ ಹಾಡಿದವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಿಬಿಸಿ 1926ರಿಂದ ಸಂಜೆಯ ಗಾನಾರಾಧನೆಯನ್ನು ಬಾನುಲಿಯಲ್ಲಿ ಬಿತ್ತರಿಸುತ್ತಿದೆ. ಮನೆಯಲ್ಲಿ ಕುಳಿತು ಕೇಳುವವರಲ್ಲಿ ಕೆಲವರು ಕೈಮುಗಿಯುತ್ತಾರೆ, ಕೆಲವರು ಸ್ವರದ ತಪ್ಪು ಹಿಡಿಯುತ್ತಾರೆ, ಎರಡನ್ನೂ ಮಾಡುವವರೂ ಇದ್ದಾರೆ. ಟ್ಯಾಲಿಸ್ ಸ್ಕಾಲರ್ಸ್ ಎರಡು ಸಾವಿರಕ್ಕೂ ಹೆಚ್ಚು ಕಛೇರಿಗಳಲ್ಲಿ ಈ ಬಗೆಯ ಸಂಗೀತವನ್ನು ಆರಾಧನೆಯಿಂದ ಬಿಡಿಸಿ, ಶುದ್ಧ ಸಂಗೀತವಾಗಿಯೇ ಕೇಳಿಸಿದೆ. ಹಾಗೆ ಬಿಡಿಸಿದಾಗ ಕಳೆದುಹೋಗುವುದೂ ಇದೆ. ಕತ್ತಲಿಲ್ಲ, ಮಂಡಿಯೂರಿದವರಿಲ್ಲ, ಬೇಸರ ಬರುವಷ್ಟು ಹೊತ್ತಿನ ಪಠಣದ ನಂತರ ಸಿಗುವ ಬಿಡುಗಡೆ ಇಲ್ಲ. ದೇವಸ್ಥಾನದ ಮಂಗಳಾರತಿಯ ಹೊತ್ತಿಗೆ ಕೇಳಿದ ನಾಗಸ್ವರ ಸಭಾಂಗಣದ ವೇದಿಕೆಯಲ್ಲಿ ಬೇರೆಯಾಗಿ ಕೇಳಿಸುವುದನ್ನು ನಾವೂ ಬಲ್ಲೆವು. ಪ್ರಾರ್ಥನೆಯ ಸಂಗೀತವನ್ನು ಎಚ್ಚರದಿಂದ ಕೇಳಿ ಅದರ ಗುಣದೋಷ ಹೇಳುವುದು ಅಗೌರವವಲ್ಲ ಎಂಬುದು ನನ್ನ ನಿಲುವು. ಅದನ್ನು ಹಾಡುವವರು ಎಷ್ಟು ಶ್ರದ್ಧೆಯಿಂದ ತಿದ್ದಿ ತೀಡಿದ್ದಾರೋ ಕೇಳುವವರೂ ಅಷ್ಟೇ ಶ್ರದ್ಧೆಯಿಂದ ಕಿವಿಗೊಡಬೇಕು. ಆದರೆ ಆ ಸಂಗೀತ ಯಾವ ಹೊತ್ತಿಗಾಗಿ, ಯಾವ ಮಾತಿಗಾಗಿ ಹುಟ್ಟಿತು ಎಂಬುದನ್ನು ಬಿಟ್ಟು ಬರೀ ತಾರಸ್ವರಕ್ಕೆ ಅಂಕ ಕೊಡುವ ವಿಮರ್ಶೆ ನನಗೆ ಅರೆಬರೆ ಎನ್ನಿಸುತ್ತದೆ.

ಇತ್ತೀಚಿನ ದಶಕಗಳಲ್ಲಿ ಕಳೆದುಹೋದ ಅಲಂಕಾರಗಳನ್ನು ಮತ್ತೆ ಹುಡುಕುವ ಕೆಲಸ ನಡೆದಿದೆ. ಪಿಯೆತ್ರೊ ಅಲ್ಫಿಯೇರಿ ಎಂಬ ಪಾದ್ರಿ 1840ರಲ್ಲಿ ಪ್ರಕಟಿಸಿದ ಅಲಂಕಾರ ಸಹಿತ ಪಾಠ ಇದಕ್ಕೆ ಒಂದು ಮುಖ್ಯ ಆಧಾರ. ಫ್ರಾನ್ಸಿನ ‘ಅ ಸೇಯಿ ವೋಚಿ’ ಗುಂಪು 1990ರ ದಶಕದಲ್ಲಿ ಅಲಂಕಾರಗಳನ್ನು ಹೊಸದಾಗಿ ಕಟ್ಟಿ ಹಾಡಿತು. ಟ್ಯಾಲಿಸ್ ಸ್ಕಾಲರ್ಸ್ 2007ರ ಧ್ವನಿಮುದ್ರಿಕೆಯಲ್ಲಿ ಎರಡು ಪಾಠಗಳನ್ನು ಕೊಟ್ಟಿತು. ಒಂದರಲ್ಲಿ ತಾರಸ್ವರ ಎಂದಿನಂತೆ, ಇನ್ನೊಂದರಲ್ಲಿ ಗಾಯಕಿ ಡೆಬೊರಾ ರಾಬರ್ಟ್ಸ್ ಪ್ರತಿ ಸಲವೂ ಅದಕ್ಕೆ ಹೊಸ ಅಲಂಕಾರ ತೊಡಿಸುತ್ತ ಹೋಗುತ್ತಾರೆ. ಅದನ್ನು ಕೇಳುವಾಗ ಲಿಯೋಪೋಲ್ಡ್ ಮೊಜಾರ್ಟ್‌ನ ಪತ್ರದ ಮಾತು ಸ್ವಲ್ಪ ಸ್ವಲ್ಪವಾಗಿ ಅರ್ಥವಾಗುತ್ತದೆ: ಅದೇ ನೆಲ, ಪ್ರತಿ ಸಲ ಬೇರೆ ರಂಗವಲ್ಲಿ.

2015ರಲ್ಲಿ ಸಿಸ್ಟೀನ್ ಚಾಪೆಲ್‌ನ ಗಾಯಕವೃಂದವೇ, ಮಾಸ್ಸಿಮೊ ಪಲೊಂಬೆಲ್ಲಾ ಅವರ ನಿರ್ದೇಶನದಲ್ಲಿ, ಚಾಪೆಲ್‌ನ ಒಳಗೇ ಧ್ವನಿಮುದ್ರಿಸಿದ ಆಲ್ಬಂ ಹೊರಬಂದಿತು. ಅದರಲ್ಲಿರುವ ‘ಮಿಸೆರೆರೆ’ 1661ರ ಹಸ್ತಪ್ರತಿಯ ಪಾಠ. ದನಿಗಳು ಇಂಗ್ಲೆಂಡಿನವರಷ್ಟು ನಯವಾಗಿಲ್ಲ. ಎದೆಯಿಂದ ಬಂದಂತೆ ಗಟ್ಟಿಯಾಗಿ, ಲ್ಯಾಟಿನ್ ಪದಗಳನ್ನು ಮನೆಮಾತಿನಂತೆ ಉಚ್ಚರಿಸುತ್ತ ಹೋಗುತ್ತವೆ. ಎರಡನೆಯ ಗುಂಪಿನ ಚರಣ ಅರ್ಧಕ್ಕೆ ಬಂದಾಗ, ಬೇರೆ ಧ್ವನಿಮುದ್ರಿಕೆಗಳನ್ನು ಕೇಳಿ ಪಳಗಿದ ಕಿವಿ ಮೇಲೇರಲು ಸಿದ್ಧವಾಗುತ್ತದೆ. ಇಲ್ಲಿ ದನಿ ಏರುವುದಿಲ್ಲ. ಸಾಲು ತನ್ನ ಶ್ರುತಿಯಲ್ಲೇ ಸಾಗಿ, ತಾನು ಹೊರಟ ಸ್ವರದ ಆಸುಪಾಸಿನಲ್ಲೇ ಮೆಲ್ಲಗೆ ಮುಗಿಯುತ್ತದೆ. ಗಂಡಸರು ಮುಂದಿನ ಚರಣದ ಪಠಣವನ್ನು ಎತ್ತಿಕೊಳ್ಳುತ್ತಾರೆ.